ಕಾಕಂಬಿ, ಕರೆಂಟು, ಮರಳು, ಮೀನೆಣ್ಣೆ: ಹಳೇ ಫೋರ್‌ವೀಲ್ ಪಿಕಪ್ಪಿನ ತುಕ್ಕಿನ ಜೊತೆ ಎರಡು ಮಳೆಗಾಲ

ಉಡುಪಿ ಜಿಲ್ಲೆಯ ಹೆಬ್ರಿ ಬದಿಯ ಒಂದು ತೋಟದ ಮನೆಯ ದನದ ಹಟ್ಟಿಯ ಹಿಂದೆ ಹತ್ತು ಹನ್ನೆರಡು ಮಳೆಗಾಲ ನಿಂತೇ ಕಳೆದ ಮಹೀಂದ್ರ ಪಿಕಪ್ಪು ಅದು. ಮುಂದೆ ಜೀಪಿನ ಮುಖ, ಹಿಂದೆ ಅಡಿಕೆ, ರಬ್ಬರ್ ಶೀಟು ಹೊತ್ತ ತೊಟ್ಟಿ, ಗೇರ್ ಕೋಲಿನ ಪಕ್ಕದಲ್ಲಿ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಕೊಡುವ ಫೋರ್‌ವೀಲ್‌ನ ಎರಡು ಗಿಡ್ಡ ಕೋಲು. ಲಾರಿಯ ಮೇಲೆ ಹೇರಿಸಿಕೊಂಡು ಕಟಪಾಡಿಯ ನಮ್ಮ ಅಂಗಳಕ್ಕೆ ಇಳಿಸಿದ ದಿನ ಹೆಂಡತಿ ಒಂದು ಸುತ್ತು ಬಂದು ನೋಡಿ, "ಇದನ್ನು ಗುಜರಿಯವ ತೂಕಕ್ಕೆ ಹಾಕಿದ್ರೆ ತಕ್ಕಡಿಯಲ್ಲೇ ಅರ್ಧ ಉದುರ್ತದೆ" ಅಂದಳು. ಉದುರಿತು ಕೂಡ. ಚಾಲಕನ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ಮ್ಯಾಟಿಗೆ ಅಂಟಿಕೊಂಡೇ ನೆಲದ ತಗಡು ಬಂತು.

ಇಂಜಿನ್ನಿನ ಕಥೆ ಇಲ್ಲಿ ಬೇಡ, ಅದು ಸುಲಭದ ಭಾಗ. 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದ ಕಂಪನಿ ಅದೇ ಎಲುಬಿನ ಮೇಲೆ ದಶಕಗಟ್ಟಲೆ ಗಾಡಿ ಕಟ್ಟಿದ್ದರಿಂದ ಒಂದರ ಸಾಮಾನು ಇನ್ನೊಂದಕ್ಕೆ ಆಗುತ್ತದೆ, ಹುಡುಕಿದರೆ ಸಿಗುತ್ತದೆ. ಸಿಗದಿರುವುದು ತಗಡು. ನಮ್ಮೂರಲ್ಲಿ ಹಳೇ ಗಾಡಿ ಎಬ್ಬಿಸುವುದೆಂದರೆ ಮುಕ್ಕಾಲು ಪಾಲು ತುಕ್ಕಿನ ಕೆಲಸ. ಆ ತುಕ್ಕು ತೆಗೆಯಲು ನಾಲ್ಕು ದಾರಿ, ಮತ್ತೆ ಬಾರದ ಹಾಗೆ ಬಳಿಯಲು ಐದು ದಾರಿ ನೋಡಿದೆ. ಯಾವುದು ಎಷ್ಟಕ್ಕೆ ಬಂತು ಎಂಬ ಲೆಕ್ಕ ಇದು.

ಎಲ್ಲರ ಕೈ ಮೊದಲು ಹೋಗುವುದು ಗ್ರೈಂಡರಿಗೆ. ನಾಲ್ಕಿಂಚಿನ ಮಷೀನು, ತುದಿಗೆ ತಂತಿಯ ಬಟ್ಟಲು ಬ್ರಷ್ಷು. ಐದು ನಿಮಿಷದಲ್ಲಿ ಮಡ್‌ಗಾರ್ಡಿನ ಮೂಲೆ ಫಳಫಳ. ಬಂದವರೆಲ್ಲ "ಸೂಪರ್ ಆಯ್ತು ಮಾರಾಯ್ರೆ" ಅಂದರು. ಆ ಹೊಳಪು ಮೋಸ. ಟಾರ್ಚನ್ನು ಅಡ್ಡ ಹಿಡಿದು ನೋಡಿದರೆ ಬೆಳ್ಳಗಿನ ತಗಡಿನ ನಡುವೆ ಕಂದು ಬಣ್ಣದ ಚುಕ್ಕಿಗಳು. ತಂತಿ ಗುಳಿಯೊಳಗಿನ ತುಕ್ಕನ್ನು ತೆಗೆದಿಲ್ಲ, ಅಲ್ಲೇ ಉಜ್ಜಿ ಪಾಲಿಶ್ ಮಾಡಿದೆ. ರಾತ್ರಿ ಒಂದು ಹನಿ ನೀರು ಬಿಟ್ಟು ಬೆಳಿಗ್ಗೆ ನೋಡಿದೆ, ಪ್ರತಿ ಚುಕ್ಕಿಯ ಸುತ್ತ ಕೇಸರಿ ಉಂಗುರ. ಇನ್ನು ಬಟ್ಟಲಿನಿಂದ ಹಾರುವ ತಂತಿ ಮುಳ್ಳಿನ ಹಾಗೆ ಲುಂಗಿ ದಾಟಿ ತೊಡೆಗೆ ಕೂರುತ್ತದೆ. ಕನ್ನಡಕ ಹಾಕದೆ ಈ ಕೆಲಸ ಮಾಡುವವರನ್ನು ಕಂಡರೆ ಈಗ ನನಗೆ ಕಣ್ಣು ನೋಯುತ್ತದೆ.

ತಂತಿ ಸಾಲದೆಂದು ಫ್ಲಾಪ್ ಡಿಸ್ಕ್ (ಎಮರಿ ತುಂಡು ಜೋಡಿಸಿದ ಬಿಲ್ಲೆ) ಹಾಕಿದ್ದು ನನ್ನ ದೊಡ್ಡ ತಪ್ಪು. ಮುಂದಿನ ಆಕ್ಸಲ್ ತುದಿಯಲ್ಲಿ ಸ್ಟಿಯರಿಂಗ್ ತಿರುಗುವಾಗ ಎಣ್ಣೆ ಸೋರದಂತೆ ತಡೆಯುವ ಸೀಲ್ ಉಜ್ಜಿಕೊಂಡು ಓಡುವ ಗುಂಡು ಭಾಗ ಇದೆ, ನಕಲ್ ಬಾಲ್ ಎನ್ನುತ್ತಾರೆ. ಅಲ್ಲಿ ತೆಳುವಾಗಿ ಕೂತಿದ್ದ ತುಕ್ಕನ್ನು ಡಿಸ್ಕಿನಲ್ಲಿ ತೆಗೆದೆ. ತುಕ್ಕು ಹೋಯಿತು, ನುಣುಪೂ ಹೋಯಿತು. ಹೊಸ ಸೀಲ್ ಹಾಕಿದ ವಾರದಲ್ಲೇ ಎಣ್ಣೆ ಜಿನುಗಿ ಚಕ್ರದ ಒಳಬದಿಯೆಲ್ಲ ಕಪ್ಪು. ಸೀಲ್ ಓಡುವ ಯಾವ ಜಾಗಕ್ಕೂ ಗ್ರೈಂಡರ್ ತೋರಿಸಬಾರದು ಎಂದು ಕಲಿಯಲು ನನಗೆ ಒಂದು ನಕಲ್ಲಿನ ಬೆಲೆ ಬಿತ್ತು.

ಇದಕ್ಕೆ ನೇರ ಎದುರಾಳಿ, ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ತುಕ್ಕು ಕೀಳುವ ಸ್ಯಾಂಡ್‌ಬ್ಲಾಸ್ಟಿಂಗ್. ಬಾಡಿ ಕಳಚಿ, ಅದರಡಿಯ ಕಬ್ಬಿಣದ ಚೌಕಟ್ಟಾದ ಚಾಸಿಸನ್ನು ಮಂಗಳೂರು ಬದಿಯ ಒಂದು ವರ್ಕ್‌ಶಾಪಿಗೆ ಕಳಿಸಿದೆ. ತೆಗೆಯುವ ಕೆಲಸದಲ್ಲಿ ಇದಕ್ಕೆ ಸಾಟಿ ಇಲ್ಲ. ಗುಳಿಯ ತಳದವರೆಗೂ ಬೂದು ಬಣ್ಣದ ಬರಿ ಕಬ್ಬಿಣ, ಅದರ ಮೇಲೆ ಸಣ್ಣ ದೊರಗು, ಪೈಂಟ್ ಹಿಡಿಯಲು ಅಂಥದ್ದೇ ಬೇಕು. ಆದರೆ ಬ್ಲಾಸ್ಟ್ ಆದ ಕಬ್ಬಿಣ ಚರ್ಮ ಸುಲಿದ ಹಾಗೆ, ಅದಕ್ಕೆ ನಮ್ಮ ಗಾಳಿ ತಾಗಬಾರದು. ಅದೇ ದಿನ ಪ್ರೈಮರ್ ಹೊಡೆಯುತ್ತೇವೆಂದು ಒಪ್ಪಿದವರು ಸಂಜೆಯಾಯಿತೆಂದು ಹಾಗೇ ಬಿಟ್ಟು ಮನೆಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ನಾನು ಹೋದಾಗ ಚಾಸಿಸ್ಸಿಗೆ ಅರಿಶಿನ ಹಚ್ಚಿ ಮದುವೆಗೆ ಕೂರಿಸಿದ ಕಳೆ! "ಇದೆಲ್ಲ ಮೇಲಿನದ್ದು ಸಾರ್, ಪೈಂಟಿನಡಿ ಹೋಗ್ತದೆ" ಎಂಬ ಸಮಾಧಾನ. ಪೈಂಟಿನಡಿ ಹೋದ ತುಕ್ಕು ಅಲ್ಲೇ ಸಂಸಾರ ಹೂಡುತ್ತದೆ. ಜಗಳ ಮಾಡಿ ಇನ್ನೊಮ್ಮೆ ಹೊಡೆಸಿದೆ. ಎರಡನೇ ಸಲ ಮಧ್ಯಾಹ್ನದವರೆಗೆ ಅಲ್ಲೇ ಸ್ಟೂಲ್ ಹಾಕಿ ಕೂತಿದ್ದೆ.

ಕಳಿಸುವ ಮೊದಲು ಚಾಸಿಸ್ ನಂಬರ್ ಕೊರೆದ ಜಾಗಕ್ಕೆ ನಾಲ್ಕು ಸುತ್ತು ದಪ್ಪ ಟೇಪ್ ಬಿಗಿದಿದ್ದೆ. ಆ ಅಂಕಿ ಮಾಸಿದರೆ ಮುಂದೆ ಆರ್‌ಟಿಓದಲ್ಲಿ ಅದರ ಮೇಲೆ ಕಾಗದ ಇಟ್ಟು ಉಜ್ಜಿದ ಪೆನ್ಸಿಲ್ ಪ್ರಿಂಟ್ ಕೇಳಿದಾಗ ನಾವು ಮಾಸಬೇಕಾಗುತ್ತದೆ. ತೆಳು ತಗಡಿಗಂತೂ ಬ್ಲಾಸ್ಟಿಂಗ್ ಬೇಡವೇ ಬೇಡ. ಪ್ರಯೋಗಕ್ಕೆಂದು ಕೊಟ್ಟ ಬಾನೆಟ್ಟಿನ ಒಂದು ಬದಿ ಹಪ್ಪಳದ ಹಾಗೆ ಅಲೆ ಎದ್ದು ಬಂತು. ಚಾಸಿಸ್ಸಿನ ಮುಚ್ಚಿದ ಭಾಗದೊಳಗೆ ಸೇರಿಕೊಂಡ ಮರಳು ಬೋಲ್ಟಿನ ತೂತಿನಿಂದ ತಿಂಗಳುಗಟ್ಟಲೆ ಸುರಿಯುತ್ತಿತ್ತು. ಗ್ರೀಸ್ ಹಾಕುವ ಮುಂಚೆ ಕಂಪ್ರೆಸರ್ ಗಾಳಿಯಲ್ಲಿ ಊದಿ ಊದಿ ಸುಸ್ತಾದೆ.

ಇನ್ನು ಮನೆಯಂಗಳದ ಎರಡು ನಿಧಾನದ ದಾರಿಗಳು. ಇವುಗಳ ಹೋಲಿಕೆಯೇ ನನಗೆ ಹೆಚ್ಚು ಖುಷಿ ಕೊಟ್ಟದ್ದು.

ಒಂದು, ಕರೆಂಟಿನದ್ದು. ಟಬ್ಬಿನಲ್ಲಿ ನೀರು, ಅದಕ್ಕೆ ಲೀಟರಿಗೊಂದು ಚಮಚದಷ್ಟು ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರಿನ ನೆಗೆಟಿವ್ ತುದಿ ತುಕ್ಕಿನ ಸಾಮಾನಿಗೆ, ಪಾಸಿಟಿವ್ ತುದಿ ಮನೆ ಕಟ್ಟಿ ಉಳಿದ ಸರಳಿನ ತುಂಡಿಗೆ. ಉಲ್ಟಾ ಕೊಟ್ಟರೆ ಸಾಮಾನೇ ಕರಗುತ್ತದೆ, ಹಾಗಾಗಿ ಕ್ಲಿಪ್ಪಿಗೆ ಕೆಂಪು ದಾರ ಕಟ್ಟಿಟ್ಟುಕೊಂಡೆ. ಸರಳಿನ ಬದಲು ಸ್ಟೀಲ್ ಚಮಚ, ತಟ್ಟೆ ಇಳಿಸಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಗುಳ್ಳೆ ಏಳುವುದು ಹೈಡ್ರೋಜನ್, ಆದ್ದರಿಂದ ಬಯಲಲ್ಲೇ ಮಾಡಬೇಕು, ಪಕ್ಕದಲ್ಲಿ ಬೀಡಿ ಹಚ್ಚುವವರನ್ನು ಬಿಡಬಾರದು. ಒಂದು ರಾತ್ರಿಯಲ್ಲಿ ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಪ್ಲೇಟು, ಬಂಪರಿನ ಬ್ರಾಕೆಟ್ಟು ಕಪ್ಪು ಕೆಸರು ಬಿಟ್ಟು ಎದ್ದವು. ಬ್ರಷ್ಷಿನಲ್ಲಿ ಒರೆಸಿದರೆ ಸಾಕು. ಆದರೆ ಸರಳಿಗೆ ಮುಖ ಮಾಡಿದ ಬದಿ ಮಾತ್ರ ಚೆನ್ನಾಗಿ ಬಿಡುತ್ತದೆ. ಬೆನ್ನಿನ ಬದಿಗೆ ಮತ್ತೆ ತಿರುಗಿಸಿಡಬೇಕು, ಕೊಳವೆಯ ಒಳಗಂತೂ ಹೋಗುವುದೇ ಇಲ್ಲ. ಗಟ್ಟಿ ಉಕ್ಕಿನ ಬೋಲ್ಟು, ಸ್ಪ್ರಿಂಗ್ ಪಟ್ಟಿಗಳನ್ನು ಇದಕ್ಕೆ ಹಾಕಬೇಡಿ, ಹೈಡ್ರೋಜನ್ ಒಳಹೊಕ್ಕು ಉಕ್ಕು ಪೆಡಸಾಗಿ ಮುರಿಯಬಹುದು. ಮತ್ತೆ ನಮ್ಮ ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಇದೆ.

ಇನ್ನೊಂದು, ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ, ಕಾಕಂಬಿ. ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ಮುಚ್ಚಿ ವರ್ಷಗಳಾದವು, ಈಗ ಕಾಕಂಬಿ ಬೇಕಾದರೆ ದನದ ಹಿಂಡಿ ಮಾರುವ ಅಂಗಡಿಗೆ ಹೇಳಿ ತರಿಸಬೇಕು. ನೀಲಿ ಡ್ರಮ್ಮಿನಲ್ಲಿ ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಸಾಮಾನು ಪೂರ್ತಿ ಮುಳುಗಬೇಕು, ಅಷ್ಟೆ. ಎರಡು ವಾರ ಮರೆತುಬಿಡಿ. ಕಾಕಂಬಿ ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆಯುತ್ತದೆ, ಒಳ್ಳೆ ಕಬ್ಬಿಣದ ಗೋಜಿಗೆ ಹೆಚ್ಚು ಹೋಗುವುದಿಲ್ಲ. ನಾಲ್ಕನೇ ದಿನಕ್ಕೆ ಮೇಲೆ ನೊರೆ, ಹುಳಿ ವಾಸನೆ, ಏಳನೇ ದಿನಕ್ಕೆ ಪಕ್ಕದ ಮನೆಯವರು "ಎಂತ, ಶೇಂದಿ ಇಳಿಸ್ತೀರಾ?" ಎಂದು ಕೇಳಿದರು. ಡ್ರಮ್ಮಿನ ಸುತ್ತ ಇರುವೆಗಳ ಜಾತ್ರೆ. ಕಾಲು ತಾಗುವ ಕಡೆಯೆಲ್ಲ ಬೂದಿ ಹಾಕಿದರೂ ನಿಲ್ಲಲಿಲ್ಲ, ಕೊನೆಗೆ ಡ್ರಮ್ಮನ್ನೇ ನೀರಿನ ಬಾಣಲೆಯಲ್ಲಿ ನಿಲ್ಲಿಸಿದೆ.

ಹದಿನೈದನೇ ದಿನ ಕೈ ಹಾಕಿ ಟೂಲ್ ಬಾಕ್ಸಿನ ಕೊಂಡಿಯನ್ನು ಮೇಲೆತ್ತಿದೆ. ಡ್ರಮ್ಮಿಗೆ ಇಳಿಸುವಾಗ ಅದು ತಿರುಗುತ್ತಲೇ ಇರಲಿಲ್ಲ, ಒಂದು ಕಂದು ಗಡ್ಡೆ. ಪೈಪಿನ ನೀರು ಬಿಟ್ಟಾಗ ಕೊಳೆ ಜಾರಿ, ಕೊಂಡಿಯ ಸಂದಿಯಿಂದ ಒಂದು ಕಪ್ಪು ಎಳೆ ಹರಿದು, ಪಿನ್ನು ತನ್ನಷ್ಟಕ್ಕೆ ಸಡಿಲಾಗಿ ಬಾಗಿಲಿನ ಹಾಗೆ ಮಡಚಿಕೊಂಡಿತು. ಸಂದಿಯೊಳಗೆ ಕಾರ್ಖಾನೆಯ ಅಚ್ಚಿನ ಗೆರೆ ಇನ್ನೂ ಇತ್ತು. ಯಾವ ಗ್ರೈಂಡರ್, ಯಾವ ಕರೆಂಟು ಅಲ್ಲಿಗೆ ಹೋಗುತ್ತಿತ್ತು ಹೇಳಿ?

ಅದೇ ಡ್ರಮ್ಮಿಗೆ ಗೊತ್ತಿಲ್ಲದೆ ಇಳಿಸಿದ ಲ್ಯಾಂಪಿನ ಅಲ್ಯೂಮಿನಿಯಂ ಬ್ರಾಕೆಟ್ಟು ಮಾತ್ರ ಗೆದ್ದಲು ತಿಂದ ಹಾಗೆ ಬಂತು. ಬೀಡುಕಬ್ಬಿಣದ ಸಾಮಾನನ್ನು ಹೆಚ್ಚು ದಿನ ಬಿಟ್ಟರೆ ಮೈಮೇಲೆ ಕಪ್ಪು ಮಸಿ ಏಳುತ್ತದೆ. ಸಣ್ಣ ಬೋಲ್ಟುಗಳಿಗೆ ಇಷ್ಟೆಲ್ಲ ಬೇಡ, ಹಿತ್ತಿಲಲ್ಲಿ ಬಿಂಬುಳಿ ಮರ ಇದ್ದರೆ ಹತ್ತು ಕಾಯಿ ಜಜ್ಜಿ ಅದರ ರಸದಲ್ಲಿ ಒಂದು ರಾತ್ರಿ ಬಿಡಿ. ಅಜ್ಜಿ ಕತ್ತಿಯ ಕಲೆಗೆ ಉಜ್ಜುತ್ತಿದ್ದದ್ದು ಅದನ್ನೇ, ಅದರಲ್ಲಿರುವ ಆಕ್ಸಾಲಿಕ್ ಆಮ್ಲದ ಕೆಲಸ. ಆಮೇಲೆ ವಾಷಿಂಗ್ ಸೋಡಾ ನೀರಲ್ಲಿ ತೊಳೆದು ಬಿಸಿಲಿಗೆ ಹಾಕಲು ಮರೆಯಬಾರದು.

ತೆಗೆದದ್ದಾಯಿತು. ಮತ್ತೆ ಬಾರದ ಹಾಗೆ ಏನು ಬಳಿಯುವುದು?

ಗ್ಯಾರೇಜಿನವರು ರೆಡ್ ಆಕ್ಸೈಡ್ ಎಂದರು, ಡ್ರೈವರುಗಳು ಸುಟ್ಟ ಇಂಜಿನ್ ಆಯಿಲ್ ಎಂದರು, ಮಲ್ಪೆಯ ಪೈಂಟ್ ಅಂಗಡಿಯವರು ಬೋಟಿಗೆ ಹೊಡೆಯುವ ಎಪಾಕ್ಸಿ ಪ್ರೈಮರ್ ತೋರಿಸಿದರು. ಹಿಂದೆ ಮರದ ದೋಣಿಗೆ ಬಳಿಯುತ್ತಿದ್ದ ಗೇರೆಣ್ಣೆ (ಗೇರುಸಿಪ್ಪೆಯದ್ದು), ಮೀನೆಣ್ಣೆ ನನ್ನ ತಲೆಯಲ್ಲಿ ಮೊದಲೇ ಇದ್ದವು. ಯಾರ ಮಾತೂ ನಂಬದೆ, ರಿಪೇರಿಗೆ ಮೀರಿದ್ದ ಹಿಂಬಾಗಿಲಿನ ತಗಡನ್ನು ಅಂಗೈ ಅಗಲದ ಹತ್ತು ಪಟ್ಟಿಯಾಗಿ ಕತ್ತರಿಸಿ, ತುಕ್ಕು ತೆಗೆದು, ಐದೈದರ ಎರಡು ಜೊತೆ ಮಾಡಿ ಐದು ಬಗೆ ಬಳಿದೆ. ಒಣಗಿದ ಮೇಲೆ ಪ್ರತಿಯೊಂದರ ಮೇಲೆ ಮೊಳೆಯಿಂದ ಕಬ್ಬಿಣ ಕಾಣುವ ತನಕ ಒಂದು ಅಡ್ಡಗೀರು. ಒಂದು ಜೊತೆ ಮಟ್ಟುವಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಗೆಳೆಯನ ಕಾಂಪೌಂಡಿಗೆ, ಇನ್ನೊಂದು ಹೆಬ್ರಿಯ ಅದೇ ಹಟ್ಟಿಯ ಗೋಡೆಗೆ. ಪತ್ತನಾಜೆಯ ಹೊತ್ತಿಗೆ (ಮೇ ಕೊನೆಗೆ) ತೂಗು ಹಾಕಿ ಚೌತಿ ಕಳೆದ ಮೇಲೆ ಇಳಿಸಿದೆ.

ಮಟ್ಟುವಿನ ರೆಡ್ ಆಕ್ಸೈಡ್ ನೋಡಿ ಬೇಸರವಾಯಿತು. ಗೀರಿನ ಎರಡೂ ಬದಿಗೆ ಹೆಬ್ಬೆರಳಗಲ ಉಬ್ಬಿ, ಚಾಕುವಿನ ತುದಿ ತಾಗಿಸಿದರೆ ಸಿಪ್ಪೆಯಾಗಿ ಎದ್ದು ಬರುತ್ತಿತ್ತು. ಹಳೆಯ ಕಾಲದ ಸೀಸದ ಕೆಂಪು ತುಕ್ಕನ್ನು ತಡೆಯುತ್ತಿತ್ತು. ಈಗಿನ ಆಕ್ಸೈಡ್ ಹೆಚ್ಚಿನದು ಬರೀ ಕೆಂಪು ಪುಡಿ, ಅದರೊಳಗೆ ನೀರು ಇಳಿಯುತ್ತದೆ. ಮೇಲೆ ಪೈಂಟ್ ಬೀಳದೆ ಒಂದು ಮಳೆಗಾಲ ಅದನ್ನು ನಂಬಿ ಕೂತವರ ಗಾಡಿ ನಾನೇ ಎಷ್ಟೋ ನೋಡಿದ್ದೇನೆ. ಸುಟ್ಟ ಆಯಿಲ್ ಆಟಿ ತಿಂಗಳ (ಜುಲೈ-ಆಗಸ್ಟ್) ಅರ್ಧಕ್ಕೇ ತೊಳೆದು ಹೋಗಿ ತಗಡು ಪೂರ್ತಿ ಕೆಂಪು. ಎಪಾಕ್ಸಿಯಲ್ಲಿ ಗೀರು ಮಾತ್ರ ಕೆಂಪು, ಅದರಾಚೆ ಒಂದು ಕೂದಲೆಳೆಯಷ್ಟೂ ಹೋಗಿಲ್ಲ. ಬಿಸಿಲಿಗೆ ಮೇಲ್ಮೈ ಸುಣ್ಣದ ಹಾಗೆ ಪುಡಿಯಾಗಿತ್ತು, ಹಾಗಾಗಿ ಮೇಲೆ ಇನ್ನೊಂದು ಪೈಂಟ್ ಬೇಕೇ ಬೇಕು.

ಗೇರೆಣ್ಣೆ ನನ್ನನ್ನು ಬೆರಗುಗೊಳಿಸಿತು. ಕಾಫಿ ಬಣ್ಣದ ವಾರ್ನಿಷಿನ ಹಾಗೆ ಗಟ್ಟಿಯಾಗಿ ಕೂತು, ಅಂಚು ಮತ್ತು ಗೀರು ಬಿಟ್ಟರೆ ಬೇರೆಲ್ಲೂ ತುಕ್ಕಿಲ್ಲ. ಬಿಸಿಲು ಹೊಡೆದ ಬದಿಯಲ್ಲಿ ಮಾತ್ರ ಸಣ್ಣ ಬಿರುಕು. ಆದರೆ ಅದನ್ನು ಬಳಿಯುವ ದಿನ ಗ್ಲೌಸ್ ಮೊಣಕೈವರೆಗೆ ಬಾರದ್ದರಿಂದ ನನ್ನ ಎಡ ಮುಂಗೈ ಎರಡು ವಾರ ಬೊಬ್ಬೆ ಎದ್ದು ಸಿಪ್ಪೆ ಸುಲಿಯಿತು. ಗೇರುಬೀಜ ಸುಟ್ಟು ತಿಂದು ತುಟಿ ಸುಟ್ಟುಕೊಂಡ ಮಕ್ಕಳಿಗೆಲ್ಲ ಗೊತ್ತಿರುವ ವಿಷಯ, ಐವತ್ತು ದಾಟಿದವನಿಗೆ ಮರೆತಿತ್ತು. ತಮಾಷೆಯೆಂದರೆ ಒದ್ದೆ ಮೈಮೇಲೂ ಗಟ್ಟಿಯಾಗುವ ಬೋಟಿನ ಎಪಾಕ್ಸಿಗಳಲ್ಲಿ ಕೆಲವಕ್ಕೆ ಬೆರೆಸುವ ಹಾರ್ಡನರ್ ತಯಾರಾಗುವುದು ಇದೇ ಗೇರುಸಿಪ್ಪೆಯ ಎಣ್ಣೆಯಿಂದ. ಅಂದರೆ ಅಜ್ಜನ ದೋಣಿಯ ಎಣ್ಣೆಯೇ ಡಬ್ಬಿಯೊಳಗೆ ಕೂತು ವಾಪಸ್ ಬಂದಿದೆ, ಕೈ ಸುಡುವ ಗುಣ ಕಮ್ಮಿ ಮಾಡಿಕೊಂಡು.

ಮೀನೆಣ್ಣೆ ಮಳೆ ನೇರ ಬಡಿದ ಮುಖದಲ್ಲಿ ಸೋತಿತ್ತು, ಗೋಡೆಗೆ ಆನಿದ ಹಿಂಬದಿಯಲ್ಲಿ ಎಲ್ಲರಿಗಿಂತ ಮೇಲಿತ್ತು. ಸಂದಿಗೆ ಇಳಿದು, ನಿಧಾನಕ್ಕೆ ಅಂಟಾಗಿ ಹೆಪ್ಪುಗಟ್ಟುವುದು ಅದರ ಗುಣ. ಇದೇ ನನಗೆ ದಾರಿ ತೋರಿಸಿದ್ದು: ಚಾಸಿಸ್ಸಿನ ಮುಚ್ಚಿದ ಭಾಗದೊಳಗೆ ಯಾವ ಬ್ರಷ್ಷೂ ಹೋಗುವುದಿಲ್ಲ, ಮಳೆಯೂ ನೇರ ಬಡಿಯುವುದಿಲ್ಲ.

ಹೆಬ್ರಿಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ನನ್ನದೊಂದು ನಂಬಿಕೆ ಬಿದ್ದುಹೋಯಿತು. ಘಟ್ಟದ ಬುಡದ ಹೆಬ್ರಿಯಲ್ಲಿ ಕರಾವಳಿಗಿಂತ ಹೆಚ್ಚು ಮಳೆ, ಆದರೂ ಅಲ್ಲಿ ರೆಡ್ ಆಕ್ಸೈಡಿನ ಗೀರು ಮಾತ್ರ ಕೆಂಪಾಗಿತ್ತು, ಉಬ್ಬಿರಲಿಲ್ಲ. ಸುಟ್ಟ ಆಯಿಲ್ ಸಹ ಅಲ್ಲಲ್ಲಿ ಉಳಿದಿತ್ತು. ಮಳೆ ನೀರಿಗೆ ನಾವು ಸುಮ್ಮನೆ ಬೈಯುತ್ತೇವೆ, ಕೊಲ್ಲುವುದು ಗಾಳಿಯ ಉಪ್ಪು. ಅಂಗಳದಲ್ಲಿ ನಿಂತ ಗಾಡಿಗೆ ಮಳೆ ಬೀಳದ ಹಾಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದವ ಈಗ ಮೊದಲ ಮಳೆಗೆ ಹೊದಿಕೆ ತೆಗೆದು ಅಡಿಯಿಂದ ಪೈಪಿನಲ್ಲಿ ಸಿಹಿನೀರು ಹೊಡೆಯುತ್ತೇನೆ.

ಹಾಗಾಗಿ ಕೊನೆಗೆ ಚಾಸಿಸ್ಸಿಗೆ ಬ್ಲಾಸ್ಟಿಂಗ್, ಎಪಾಕ್ಸಿ, ಮೇಲೆ ಕಪ್ಪು ಪೈಂಟ್. ಒಳಗಡೆ ಸ್ಪ್ರೇಯರಿನ ಉದ್ದ ನಳಿಗೆಯಲ್ಲಿ ಮೀನೆಣ್ಣೆ. ಸಂದಿಗೊಂದಿಯ ಸಣ್ಣ ಸಾಮಾನೆಲ್ಲ ಕಾಕಂಬಿಗೆ, ಚಪ್ಪಟೆ ಬ್ರಾಕೆಟ್ಟುಗಳು ಕರೆಂಟಿಗೆ. ಬಾಡಿಯ ತಗಡಿಗೆ ಯಾವ ಶಾರ್ಟ್‌ಕಟ್ಟೂ ಸಿಗಲಿಲ್ಲ. ಎಮರಿ ಕಾಗದ, ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರಾವಣ), ಕೈ, ಸೊಂಟ. ಗ್ರೈಂಡರ್ ವೆಲ್ಡಿಂಗ್ ಗಂಟು ಸಮ ಮಾಡಲಿಕ್ಕೆ ಮಾತ್ರ.

ಮೀನೆಣ್ಣೆ ಹೊಡೆದಂದಿನಿಂದ ಆಸುಪಾಸಿನ ಐದು ಬೆಕ್ಕುಗಳು ಚಾಸಿಸ್ಸಿನಡಿಯೇ ಮಲಗುತ್ತಿವೆ, ಒಂದು ಅಲ್ಲೇ ಮರಿ ಹಾಕಿದೆ. ಮರಿ ಕಣ್ಣು ಬಿಡುವ ತನಕ ಗಾಡಿ ಸ್ಟಾರ್ಟ್ ಮಾಡಬಾರದೆಂದು ಮಗಳ ಆಜ್ಞೆ. ಅಷ್ಟರಲ್ಲಿ ಡ್ರಮ್ಮಿನಲ್ಲಿ ಮುಳುಗಿರುವ ಹಿಂದಿನ ಸ್ಪ್ರಿಂಗಿನ ಶ್ಯಾಕಲ್ಲುಗಳಿಗೆ (ಜೋಡಿಸುವ ಕೊಂಡಿಗಳಿಗೆ) ಎರಡು ವಾರ ತುಂಬುತ್ತದೆ, ಭಾನುವಾರ ತೆಗೆಯಬೇಕು.