ಗುಂಡುಗಲ್ಲಿನ ಗುಡ್ಡಗಳಲ್ಲಿ ಓಸ್ಮ್ಯಾಂಡ್: ಬಹುಕಾಲ ಬಳಸಿದ ಮೇಲಿನ ಅಭಿಪ್ರಾಯ

ಗಂಗಾವತಿ, ಆನೆಗೊಂದಿ, ಸಂಡೂರು ಕಡೆ ಗುಡ್ಡ ಹತ್ತುವವರಿಗೆ ಓಸ್ಮ್ಯಾಂಡ್ ಚಲೋ ಆ್ಯಪ್. ಕರ್ನಾಟಕದ ಫೈಲ್ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಕ್ಷೆ ನಡೆಯುತ್ತದೆ. ಆದರೆ ಅದು ತೋರಿಸುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಲ್ಲಿ, ಯಾರೋ ಎಳೆದ ಗೆರೆಯನ್ನು. ನಮ್ಮ ಭಾಗದ ಎಷ್ಟೋ ಕಾಲುದಾರಿಗಳಿಗೆ ಬರೀ ‘ಹೈವೇ=ಪಾಥ್’ (ಇದು ಕಾಲುದಾರಿ) ಎಂಬ ಟ್ಯಾಗ್, ಅಂದರೆ ಗೆರೆಗೆ ಅಂಟಿಸುವ ವಿವರ, ಬಿಟ್ಟು ಬೇರೇನೂ ಇರುವುದಿಲ್ಲ. ದಾರಿ ಸಲೀಸೋ ಕಷ್ಟವೋ ಆ್ಯಪ್‌ಗೆ ತಿಳಿಯುವುದಾದರೂ ಹೇಗೆ? ಹಾಗಾಗಿ ನಕ್ಷೆಯನ್ನು ನಾವೇ ತಿದ್ದಬೇಕು.

ಕಷ್ಟ ಹೇಳುವ ‘ಸ್ಯಾಕ್_ಸ್ಕೇಲ್’ ಟ್ಯಾಗ್ ಸ್ವಿಸ್ ಆಲ್ಪೈನ್ ಕ್ಲಬ್‌ನ ಟಿ1ರಿಂದ (ಸಲೀಸು) ಟಿ6ರ (ಅತಿ ಕಷ್ಟ) ಅಳತೆ. ಇಲ್ಲಿ ಗುಡ್ಡದ ಎತ್ತರ ನೋಡಿ ಟಿ1 ಹಾಕಿಬಿಡುತ್ತಾರೆ, ಅದು ತಪ್ಪು. ಗುಡ್ಡ ಗಿಡ್ಡವೇ ಇರಲಿ, ಎರಡು ಗುಂಡುಗಳ ಸಂದಿಯಲ್ಲಿ ಆಯ ತಪ್ಪದಿರಲು ಕೈಯೂರಬೇಕಾದರೆ ಟಿ3, ಕೈ ಬಳಸಿಯೇ ಮೇಲೇರಬೇಕಾದರೆ ಟಿ4 ಹಾಕಬೇಕು.

ಅದಕ್ಕಿಂತಲೂ ಇಲ್ಲಿ ಬೇಕಾದದ್ದು ‘ಟ್ರೇಲ್_ವಿಸಿಬಿಲಿಟಿ’, ಅಂದರೆ ಜಾಡು ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ಹೇಳುವ ಟ್ಯಾಗ್. ಹಿರೇಬೆಣಕಲ್‌ನ ಮೋರ್ಯರ ಗುಡ್ಡದಂಥ ಕಡೆ ಮಣ್ಣಿನ ಮೇಲೆ ಸ್ಪಷ್ಟವಾಗಿದ್ದ ಜಾಡು ಹಾಸುಬಂಡೆ ಬಂದ ಕೂಡಲೇ ಮಾಯವಾಗುತ್ತದೆ. ಇಡೀ ದಾರಿಗೆ ‘ಗುಡ್’ ಕೊಡಬೇಡಿ. ಫೋನಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ತಿದ್ದುವ ವೆಸ್ಪುಚಿ ಆ್ಯಪ್ ತೆರೆದು, ಬಂಡೆ ಶುರುವಾಗುವ ಮತ್ತು ಮುಗಿಯುವ ನೋಡ್‌ಗಳಲ್ಲಿ (ಗೆರೆಯ ಮೇಲಿನ ಚುಕ್ಕೆಗಳಲ್ಲಿ) ಗೆರೆ ಕತ್ತರಿಸಿ, ಆ ತುಂಡಿಗಷ್ಟೇ ‘ಬ್ಯಾಡ್’ ಮತ್ತು ‘ಸರ್ಫೇಸ್=ರಾಕ್’ ಹಾಕಿ. ಬೇಸಿಗೆಯಲ್ಲಿ ನೋಡಿ ಹಾಕಿದ್ದು ಮಳೆಗಾಲದ ಹುಲ್ಲಿನಲ್ಲಿ ಸುಳ್ಳಾಗುವುದೂ ಉಂಟು.

ಅಂಜನಾದ್ರಿಯ 575 ಮೆಟ್ಟಿಲಿನಂಥದ್ದಕ್ಕೆ ‘ಹೈವೇ=ಸ್ಟೆಪ್ಸ್’, ‘ಸ್ಟೆಪ್_ಕೌಂಟ್’ ಇವೆ. ಏರು ಹೇಳುವ ‘ಇನ್‌ಕ್ಲೈನ್=ಅಪ್’ ಗೆರೆ ಎಳೆದ ದಿಕ್ಕಿಗೆ ಅನ್ವಯಿಸುತ್ತದೆ. ಮೇಲಿನಿಂದ ಕೆಳಗೆ ಎಳೆದಿದ್ದರೆ ‘ಡೌನ್’ ಆಗಬೇಕು. ಗೆರೆಯ ದಿಕ್ಕು ತೋರಿಸುವ ಬಾಣದ ಗುರುತು ನೋಡದೆ ಹಾಕಿದವರೇ ಜಾಸ್ತಿ.

ದೊಡ್ಡ ಪಿಡುಗೆಂದರೆ ಉಪಗ್ರಹ ಚಿತ್ರ ನೋಡಿ ಕುರಿ, ಆಡು ತುಳಿದ ಜಾಡನ್ನೆಲ್ಲ ದಾರಿ ಮಾಡುವುದು. ಅಂಥವು ಜಾಲಿ ಮೆಳೆಯಲ್ಲಿ ಹೋಗಿ ನಿಲ್ಲುತ್ತವೆ. ನಡೆದು ನೋಡದ್ದನ್ನು ಸೇರಿಸಲೇಬಾರದು. ಜನ ತಾವಾಗೇ ತುಳಿದು ಮಾಡಿಕೊಂಡ ದಾರಿಯಾದರೆ ‘ಇನ್‌ಫಾರ್ಮಲ್=ಯೆಸ್’ ಇರಲಿ. ಸಂಡೂರಿನ ಗಣಿಯೊಳಗಿನ ಲಾರಿ ದಾರಿಗೆ ‘ಆಕ್ಸೆಸ್=ಪ್ರೈವೇಟ್’ ಇಲ್ಲದಿದ್ದರೆ ಆ್ಯಪ್ ನೇರ ಗಣಿ ಗೇಟಿಗೇ ಕರೆದೊಯ್ಯುತ್ತದೆ.

ಗುಂಡುಗಳ ನಡುವೆ ಸಿಗ್ನಲ್ ಬಂಡೆಗೆ ಬಡಿದು ಬರುವುದರಿಂದ ಜಿಪಿಎಸ್ ಗೆರೆ ಅತ್ತಿತ್ತ ಜಿಗಿಯುತ್ತದೆ. ಹೋಗುವಾಗ, ಬರುವಾಗ ಎರಡೂ ಸಲ ರೆಕಾರ್ಡ್ ಮಾಡಿ, ಆ ಎರಡು ಗೆರೆಗಳ ನಡುವೆ ದಾರಿ ಎಳೆಯಿರಿ.

ಕೊರತೆಯೂ ಇದೆ. ಉಚಿತ ನಕ್ಷೆ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಇವತ್ತು ತಿದ್ದಿದ ದಾರಿ ನಾಳೆಯೇ ಫೋನಿನಲ್ಲಿ ಬೇಕೆಂದರೆ ಲೈವ್ ಅಪ್‌ಡೇಟ್ ಬೇಕು, ಅದಕ್ಕೆ ಸಾಮಾನ್ಯವಾಗಿ ದುಡ್ಡು ಕೊಡಬೇಕು.