ಬಿಬಿಎ, ಹತ್ತು ದಿನದ ತರಬೇತಿ, ಆಲೆಮನೆ: ಮೂರನ್ನೂ ಮಾಡಿ ನೋಡಿದೆ

ನನ್ನ ಹತ್ತಿರ ಇದ್ದಿದ್ದು ಒಂದೇ ಐಡಿಯಾ. ನಮ್ಮ ಆಲೆಮನೆಯಲ್ಲಿ ಬೆಲ್ಲದ ಪುಡಿ ಮಾಡಿ, ಅರ್ಧ ಕೆ.ಜಿ. ಪ್ಯಾಕೆಟ್‌ನಲ್ಲಿ ಮಾರುವುದು. ಅದನ್ನೇ ಹೊತ್ತುಕೊಂಡು ಮೂರು ಕಡೆ ತಿರುಗಿದೆ. ಬೆಂಗಳೂರಿನ ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಉದ್ಯಮಶೀಲತೆ ವಿಷಯ ತಗೊಂಡು ಮೂರು ವರ್ಷ ಬಿಬಿಎ. ಆಮೇಲೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಮೈಸೂರಿನ ರುಡ್‌ಸೆಟ್ ಸಂಸ್ಥೆಯಲ್ಲಿ ಹತ್ತು ದಿನ. ಇನ್ನೊಂದು ಅಪ್ಪನ ಆಲೆಮನೆ. ಅದು ಮಂಡ್ಯದಿಂದ ಕೆ.ಎಂ. ದೊಡ್ಡಿ ಕಡೆ ಹೋಗುವ ದಾರಿಯಲ್ಲಿದೆ. ಅಲ್ಲಿ ಸೇರಲು ಅರ್ಜಿ ಹಾಕಬೇಕಿರಲಿಲ್ಲ.

ಈಗ ಚಿಕ್ಕಪ್ಪನ ಮಗಳು ಪಿಯುಸಿ ಮುಗಿಸಿದ್ದಾಳೆ. ಅವಳಿಗೂ ಅದೇ ಬಿಬಿಎ ಬೇಕಂತೆ. "ಅಕ್ಕಾ, ಸೇರಲಾ ಬೇಡವಾ, ಒಂದೇ ಮಾತಲ್ಲಿ ಹೇಳು" ಅಂತಾಳೆ. ಒಂದೇ ಮಾತಲ್ಲಿ ಆಗಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಸೇರುವಾಗ ಅಜ್ಜಿಗೆ ಇದ್ದ ಭಯ ಒಂದೇ. "ಅಲ್ಲಿ ಜಾತಿ ಕೆಡಿಸ್ತಾರಂತೆ ಕಣವ್ವ." ಮೂರು ವರ್ಷದಲ್ಲಿ ನನ್ನ ದೇವರು ಯಾವುದು ಅಂತ ಯಾರೂ ಕೇಳಲಿಲ್ಲ. ಬೆಳಿಗ್ಗೆ ಕ್ಲಾಸು ಶುರುವಾಗುವ ಮುಂಚೆ ಎರಡು ನಿಮಿಷ ಪ್ರಾರ್ಥನೆ ಇರುತ್ತಿತ್ತು. ನಾನು ಕಣ್ಣು ಮುಚ್ಚಿ ಕಾಲಭೈರವನನ್ನು ನೆನೆಸಿಕೊಳ್ಳುತ್ತಿದ್ದೆ. ಯಾರಿಗೂ ತೊಂದರೆ ಆಗಲಿಲ್ಲ. ಆದರೆ ಆ ವಿಶ್ವವಿದ್ಯಾಲಯ ಕ್ರೈಸ್ತರದ್ದು ಅನ್ನುವುದು ನನ್ನ ವ್ಯಾಪಾರಕ್ಕೆ ತಟ್ಟಿದ್ದು ಬೇರೆ ದಾರಿಯಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪಾಠ. ಒಂದೇ ಹಾಳೆಯಲ್ಲಿ ಒಂಬತ್ತು ಚೌಕ ಎಳೆದು ಬಿಸಿನೆಸ್ ಪ್ಲಾನ್ ಬರೆಸುತ್ತಾರೆ. ಗಿರಾಕಿ ಯಾರು, ದುಡ್ಡು ಎಲ್ಲಿಂದ, ಖರ್ಚು ಏನು, ಹೀಗೆ. ಅದು ಒಂದು ಸಂಜೆಯಲ್ಲಿ ಕಲಿಯುವ ವಿದ್ಯೆ. ನಿಜವಾಗಿ ಕಲಿತದ್ದು ಜಯನಗರದ ಬೀದಿಯಲ್ಲಿ. ಮೂವತ್ತು ಜನ ಅಪರಿಚಿತರನ್ನು ಮಾತಾಡಿಸಿ ಬನ್ನಿ ಅಂತ ಕಳಿಸಿದರು. ಮೂವತ್ತಕ್ಕೆ ಇಪ್ಪತ್ತೆಂಟು ಜನ ಬೆಲ್ಲದ ಪುಡಿ ಚೆನ್ನಾಗಿರುತ್ತೆ, ಮಾಡಿ ಅಂದರು. ಕುಣಿದುಕೊಂಡು ಬಂದೆ. ಮೇಡಂ ಕೇಳಿದ್ದು ಒಂದೇ. "ಮುಂಗಡ ಕೊಟ್ಟವರು ಎಷ್ಟು ಜನ?" ಯಾರೂ ಕೊಟ್ಟಿರಲಿಲ್ಲ.

ಮುಂದಿನ ಸೆಮಿಸ್ಟರ್‌ನಲ್ಲಿ ಮೂರು ಸಾವಿರ ರೂಪಾಯಿಯ ಒಳಗೆ ಏನಾದರೂ ಮಾಡಿ ಮಾರಿ ಅಂದರು. ಅರವತ್ತು ಪ್ಯಾಕೆಟ್ ಮಾಡಿದೆ. ಜುಲೈ ತಿಂಗಳು, ಜಿಟಿಜಿಟಿ ಮಳೆ. ಹದಿನೈದು ದಿನದಲ್ಲಿ ಪುಡಿಯೆಲ್ಲ ಇಟ್ಟಿಗೆಯಾಯಿತು. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತೆ ಅಂತ ನಮ್ಮೂರಿನ ಮಕ್ಕಳಿಗೂ ಗೊತ್ತು. ನನಗೆ ಹೊಳೆಯಲಿಲ್ಲ, ಏಕೆಂದರೆ ನಾನು ಚೌಕ ತುಂಬಿಸುತ್ತಿದ್ದೆ! ಆದರೂ ಸೋತಿದ್ದು ಬರೀ ಮೂರು ಸಾವಿರಕ್ಕೆ. ಊರಿನಲ್ಲಿ ಇದೇ ತಪ್ಪನ್ನು ಮೂರು ಲಕ್ಷಕ್ಕೆ ಮಾಡಿದವರನ್ನು ನೋಡಿದ್ದೇನೆ.

ಇನ್ನು ಆ ಕ್ರೈಸ್ತ ವಿಷಯ. ವ್ಯಾಪಾರ ನೀತಿ ಅಂತ ಒಂದು ಪೇಪರ್ ಇತ್ತು, ಪಾಠ ಮಾಡುತ್ತಿದ್ದವರು ಒಬ್ಬ ಫಾದರ್. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಕೂಲಿಕಾರರ ಬಗ್ಗೆ ಬರೆದ ಪತ್ರದಿಂದ ಶುರು ಮಾಡಿದರು. ಇಬ್ಬರೂ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯದ್ದಾಗಲ್ಲ, ಕೆಲಸಗಾರನ ಸಂಸಾರ ನಡೆಯುವಷ್ಟು ಇರಬೇಕು ಅನ್ನುವುದು ಅದರ ವಾದ. ನನಗೆ ನಮ್ಮ ಆಲೆಮನೆಯ ಉತ್ತರ ಪ್ರದೇಶದ ಹುಡುಗರು ನೆನಪಾದರು. ಅಡ್ವಾನ್ಸ್ ಕೊಟ್ಟು ಕರೆಸುವುದು, ಕೊನೆಗೆ ಬಾಯಿಲೆಕ್ಕ ಹೇಳಿ ಕಳಿಸುವುದು.

ಆಮೇಲೆ ಒಂದು ಪ್ರಬಂಧ ಬರೆಯಲು ಕೊಟ್ಟರು. ನಿಮ್ಮ ಮನೆ ವ್ಯಾಪಾರದಲ್ಲಿ ಗಿರಾಕಿಗೆ ಹೇಳದೆ ಇರುವ ವಿಷಯ ಏನು? ನಾನು ಹೈಡ್ರೋಸ್ ಬಗ್ಗೆ, ಅಂದರೆ ಬೆಲ್ಲದ ಬಣ್ಣ ತಿಳಿಯಾಗಿಸುವ ರಾಸಾಯನಿಕದ ಬಗ್ಗೆ ಬರೆದೆ. ಕಬ್ಬಿನ ಹಾಲು ಕಾಯಿಸುವಾಗ ಕೊಳೆ ತೆಗೆಯಲು ಸುಣ್ಣ ಸಾಕು, ಬೆಂಡೆ ಗಿಡದ ಲೋಳೆ ಸಾಕು. ಆದರೆ ಮಂಡಿಯಲ್ಲಿ ಚಿನ್ನದ ಬಣ್ಣದ ಬೆಲ್ಲಕ್ಕೇ ರೇಟು. ಅದಕ್ಕೆ ಹೈಡ್ರೋಸ್ ಪುಡಿ ಹಾಕುತ್ತಾರೆ. ನಮ್ಮಲ್ಲೂ ಹಾಕುತ್ತಿದ್ದೆವು. ಫಾದರ್ ಬೈಯಲಿಲ್ಲ. ಮೋಸದ ತಕ್ಕಡಿ ದೇವರಿಗೆ ಆಗದು ಅಂತ ಬೈಬಲ್‌ನ ಜ್ಞಾನೋಕ್ತಿಗಳಲ್ಲಿದೆ ಅಂತಷ್ಟೇ ಅಂದರು. ಬಸವಣ್ಣನ ಕಾಯಕ ಕೇಳಿ ಬೆಳೆದವಳಿಗೆ ಅದೇನು ಹೊಸ ಮಾತಲ್ಲ. ಆದರೆ ಮಾರ್ಕ್ಸಿಗೆ ಬರೆದದ್ದು ಮನಸ್ಸಿಗೆ ಅಂಟಿಕೊಂಡಿತು. ನನ್ನ ಪುಡಿ ಇವತ್ತು ಕಂದು ಬಣ್ಣದಲ್ಲಿ ಇರುವುದು ಆ ಪ್ರಬಂಧದಿಂದ.

ಇಷ್ಟೆಲ್ಲ ಒಳ್ಳೆಯದು ಹೇಳಿದ ಮೇಲೆ ಖರ್ಚು ಹೇಳಬೇಕು. ಫೀಸು, ಹಾಸ್ಟೆಲ್, ಓಡಾಟ ಸೇರಿ ಮೂರು ವರ್ಷಕ್ಕೆ ಹತ್ತು ಲಕ್ಷದ ಹತ್ತಿರ ಹೋಯಿತು. ಅದರಲ್ಲಿ ನಾಲ್ಕು ಲಕ್ಷ ಸಾಲ. ಹಾಜರಿ ಎಷ್ಟು ಬಿಗಿ ಅಂದ್ರೆ, ಆಲೆಮನೆಯಲ್ಲಿ ಕೆಲಸ ಜೋರಾಗಿದ್ದಾಗ ಎರಡು ದಿನ ಊರಿಗೆ ಬಂದರೂ ಹೆದರಿಕೆ. ವ್ಯಾಪಾರ ಕಲಿಸುವವರು ವ್ಯಾಪಾರಕ್ಕೆ ರಜೆ ಕೊಡಲ್ಲ, ಹೇಗಿದೆ! ಪಾಠದ ಉದಾಹರಣೆಗಳೂ ಜಾಸ್ತಿ ಮೊಬೈಲ್ ಆ್ಯಪ್‌ಗಳದ್ದು. ಕೊನೇ ವರ್ಷ ನನ್ನ ಪ್ಲಾನ್ ನೋಡಲು ಬಂದವರು, ಐದು ವರ್ಷದಲ್ಲಿ ಎಷ್ಟು ರಾಜ್ಯಕ್ಕೆ ಹೋಗ್ತೀರಿ ಅಂತ ಕೇಳಿದರು. ಕಬ್ಬಿನ ರೇಟು ಏರಿದರೆ ಏನು ಮಾಡ್ತೀರಿ ಅಂತ ಒಬ್ಬರೂ ಕೇಳಲಿಲ್ಲ.

ರುಡ್‌ಸೆಟ್‌ನಲ್ಲಿ ಖರ್ಚು ಸೊನ್ನೆ. ಊಟ, ವಸತಿ ಎಲ್ಲ ಉಚಿತ. ಧರ್ಮಸ್ಥಳದ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ್ದು. ಇದೇ ಮಾದರಿಯಲ್ಲಿ ಆಮೇಲೆ ದೇಶದ ಜಿಲ್ಲೆಗಳಲ್ಲೆಲ್ಲ ಬ್ಯಾಂಕುಗಳ ತರಬೇತಿ ಕೇಂದ್ರ ಬಂದವು. ಬೆಳಿಗ್ಗೆ ಬೇಗ ಎಬ್ಬಿಸಿ ಯೋಗ, ಶ್ರಮದಾನ. ಆಮೇಲೆ ಆಟ. ಗೂಟಕ್ಕೆ ರಿಂಗ್ ಎಸೆಯಬೇಕು, ಎಷ್ಟು ದೂರದಿಂದ ಅನ್ನುವುದು ನಿಮ್ಮ ಇಷ್ಟ. ಬಿಬಿಎ ಓದಿದ ನಾನು ತೀರಾ ದೂರ ನಿಂತು ಎಲ್ಲಾ ತಪ್ಪಿಸಿದೆ. ಕೋಳಿ ಸಾಕಲು ಬಂದಿದ್ದ ಟಿ. ನರಸೀಪುರದ ಒಬ್ಬ ಅಕ್ಕ ಹತ್ತಿರದಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಯಾರು ಎಷ್ಟು ರಿಸ್ಕ್ ತಗೋತಾರೆ ಅಂತ ನೋಡುವ ಆಟವಂತೆ ಅದು. ನನ್ನ ಮುಖ ನೋಡಬೇಕಿತ್ತು.

ಅಲ್ಲಿ ಕಲಿತದ್ದರಲ್ಲಿ ಕೆಲಸಕ್ಕೆ ಬಂದಿದ್ದು ಸಬ್ಸಿಡಿ ಲೆಕ್ಕ. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂತು. ಮಂಡ್ಯ ಜಿಲ್ಲೆಗೆ ಅದರಲ್ಲಿ ಆರಿಸಿರುವ ಉತ್ಪನ್ನ ಬೆಲ್ಲವೇ. ಘಟಕದ ಖರ್ಚಿನಲ್ಲಿ ಕೇಂದ್ರದ ಸಬ್ಸಿಡಿ ಶೇ. 35, ನಮ್ಮ ರಾಜ್ಯ ಸೇರಿಸುವುದು ಶೇ. 15. ಒಟ್ಟು ಅರ್ಧ, ಗರಿಷ್ಠ 15 ಲಕ್ಷ. ಕೇಳಿದ ಕೂಡಲೇ ಎಲ್ಲರೂ ಅರ್ಧ ದುಡ್ಡು ಪುಕ್ಕಟೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಮೊದಲು ಪೂರ್ತಿ ಸಾಲ ಆಗಬೇಕು, ನಮ್ಮದು ಶೇ. 10 ಹಾಕಬೇಕು. ಸಬ್ಸಿಡಿ ಬ್ಯಾಂಕಿನಲ್ಲೇ ಇರುತ್ತೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮಾ. ಕೈಗೆ ಬರುವುದಿಲ್ಲ. ಇದನ್ನು ಹತ್ತು ಲಕ್ಷದ ಓದಿನಲ್ಲಿ ಯಾರೂ ಹೇಳಿರಲಿಲ್ಲ.

ಅವರ ಕೊರತೆಯೂ ಇದೆ. ಹತ್ತು ದಿನದಲ್ಲಿ ಗಿರಾಕಿ ಬಗ್ಗೆ ಅರ್ಧ ದಿನ. ಉಳಿದದ್ದು ಪ್ರಾಜೆಕ್ಟ್ ರಿಪೋರ್ಟು, ಬ್ಯಾಂಕು, ಲೆಕ್ಕ. ಆ ರಿಪೋರ್ಟ್ ಹಿಡಿದು ಒಂದು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ, "ಅಪ್ಪ ಬರಲಿಲ್ವೇನಮ್ಮಾ?" ಅದಕ್ಕೆ ಉತ್ತರ ಎರಡೂ ಕಡೆ ಹೇಳಿಕೊಟ್ಟಿರಲಿಲ್ಲ. ತರಬೇತಿ ಮುಗಿದ ಮೇಲೂ ಎರಡು ವರ್ಷ ಫೋನ್ ಮಾಡಿ ವಿಚಾರಿಸುವುದು ಮಾತ್ರ ರುಡ್‌ಸೆಟ್‌ನವರ ದೊಡ್ಡ ಗುಣ. ಎರಡನೇ ಬ್ಯಾಂಕಿನಲ್ಲಿ ಕೆಲಸ ಆದದ್ದು ಅವರ ಒಂದು ಫೋನಿನಿಂದ.

ಆಲೆಮನೆಗೆ ಬರೋಣ. ಪ್ಲಾನ್ ತೋರಿಸಿದಾಗ ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. "ಎಲ್ಲಾ ಸರಿ ಕಣವ್ವ. ಕಬ್ಬಿನೋನ್ಗೆ ದುಡ್ಡು ಯಾವಾಗ ಕೊಡ್ತೀಯ?" ಅಂದರು. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ನೂರು ಕೆ.ಜಿ. ಬೆಲ್ಲ. ಅಚ್ಚು ಬೆಲ್ಲವಾದರೆ ಮಂಡಿಗೆ ಹೋಗುತ್ತೆ, ದುಡ್ಡು ಬೇಗ ಬರುತ್ತೆ. ನನ್ನ ಪುಡಿ ಅಂಗಡಿಯಲ್ಲಿ ಕೂತಿರುತ್ತೆ. ಅಂಗಡಿಯವನು ಕೊಡುವುದು ಒಂದೂವರೆ ತಿಂಗಳಿಗೆ. ಅಷ್ಟರಲ್ಲಿ ಕಬ್ಬಿನವರು ಮನೆ ಬಾಗಿಲಲ್ಲಿ ಇರುತ್ತಾರೆ. ಒಂಬತ್ತು ಚೌಕದಲ್ಲಿ ಈ ಒಂದೂವರೆ ತಿಂಗಳು ಎಲ್ಲೂ ಇರಲಿಲ್ಲ. ಈಗ ದಿನಕ್ಕೆ ಒಂದೇ ಕೊಪ್ಪರಿಗೆ ಪುಡಿಗೆ ಬಿಡುತ್ತೇವೆ, ಉಳಿದದ್ದು ಅಚ್ಚು.

ಹದ ಕಲಿತದ್ದೂ ಅಲ್ಲೇ. ಪುಡಿಗೆ ಪಾಕ 120 ಡಿಗ್ರಿ ದಾಟಬೇಕು, ಅಚ್ಚಿಗೆ ಅಷ್ಟು ಬೇಡ. ನಾನು ಥರ್ಮಾಮೀಟರ್ ಹಿಡಿದು ನಿಲ್ಲುತ್ತೇನೆ. ಬೆಲ್ಲ ಕಾಯಿಸುವ ಅಡುಗೆಯವನು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ಹೇಳುತ್ತಾನೆ. ಅವನು ತಪ್ಪಿದ್ದು ನಾನು ನೋಡಿಲ್ಲ. ಆದರೆ ಹೈಡ್ರೋಸ್ ಬಿಡೋಣ ಅಂದಾಗ ಅಪ್ಪನೂ ಅವನೂ ಸೇರಿ ನಕ್ಕಿದ್ದರು. ಆಲೆಮನೆಯಲ್ಲೇ ಬೆಳೆದಿದ್ದರೆ ನಾನೂ ನಗುತ್ತಿದ್ದೆ. ಬಾಯಿಲೆಕ್ಕ ಬಿಟ್ಟು ಹುಡುಗರ ಕೂಲಿಯನ್ನು ಪುಸ್ತಕದಲ್ಲಿ ಬರೆದಿಡೋಣ ಅಂದಾಗಲೂ ಅಪ್ಪ ಮೊದಲು ಮುಖ ಗಂಟು ಹಾಕಿದರು. ಹುಡುಗರು ಈ ವರ್ಷ ಅಡ್ವಾನ್ಸ್ ಕೇಳದೆ ವಾಪಸ್ ಬಂದ ಮೇಲೆ ಸುಮ್ಮನಾದರು.

ತಂಗಿಗೆ ಹೇಳಿದ್ದು ಇಷ್ಟು. ಸ್ಕಾಲರ್‌ಶಿಪ್ ಅರ್ಧವಾದರೂ ಸಿಕ್ಕಿದರೆ ಬೆಂಗಳೂರಿಗೆ ಹೋಗು. ಫಾದರ್ ಕ್ಲಾಸು ತಪ್ಪಿಸಬೇಡ. ಸಿಗದಿದ್ದರೆ ಮಂಡ್ಯದಲ್ಲೇ ಬಿಕಾಂ ಮಾಡು, ರಜೆಯಲ್ಲಿ ರುಡ್‌ಸೆಟ್‌ಗೆ ಹೋಗು, ಭಾನುವಾರ ನಮ್ಮ ಕೂಲಿ ಪುಸ್ತಕ ಬರಿ. ಅವಳು ತಲೆಯಾಡಿಸಿದಳು. ಚಿಕ್ಕಪ್ಪ ಮಾತ್ರ ನಾಲೆ ಪಕ್ಕದ ಅರ್ಧ ಎಕರೆ ಮಾರಿ ಫೀಸು ಕಟ್ಟುತ್ತೇನೆ ಅಂತ ಕೂತಿದ್ದಾರೆ. ನಾಳೆ ಅಪ್ಪನನ್ನು ಕರೆದುಕೊಂಡು ಅವರ ಮನೆಗೆ ಹೋಗಬೇಕು.