ಚೆಂಡುಹೂವಿಗೆ ಬೀಜವೋ, ನರ್ಸರಿ ಸಸಿಯೋ, ಕುಡಿಯೋ?

ದಸರಾಕ್ಕೆ ಮನೆಯಲ್ಲೇ ಬೆಳೆದ ಚೆಂಡುಹೂವು ಬೇಕು, ಯಾವ ದಾರಿ ಹಿಡಿಯಲಿ ಅಂತ ಕೇಳಿದ್ದೀರಿ. ಮೊದಲು ಕ್ಯಾಲೆಂಡರ್ ನೋಡಿ. ಹಬ್ಬಕ್ಕೆ ಎರಡೂವರೆ ತಿಂಗಳಿದ್ದರೆ ಬೀಜ ಹಾಕಬಹುದು. ಒಂದೂವರೆ ತಿಂಗಳಷ್ಟೇ ಉಳಿದಿದ್ದರೆ ನರ್ಸರಿ ಸಸಿಯೇ ಸರಿ.

ಖರ್ಚಿನಲ್ಲಿ ಬೀಜಕ್ಕೆ ಸಾಟಿ ಇಲ್ಲ. ಗಿಡದಲ್ಲೇ ಒಣಗಿದ ಹೂವನ್ನು ಬಿಡಿಸಿ ನೋಡಿ: ಸೂಜಿಯಂಥ ಕಪ್ಪು ಬೀಜ, ತುದಿಯಲ್ಲಿ ಬಿಳಿಚು ಜುಟ್ಟು. ನಾಲ್ಕೈದು ಹೂವಿದ್ದರೆ ಇಡೀ ಅಂಗಳಕ್ಕಾಗುವಷ್ಟು ಸಿಗುತ್ತದೆ. ಆದರೆ ಹೈಬ್ರಿಡ್ ಗಿಡದ ಬೀಜ ನಂಬಬೇಡಿ, ತಾಯಿ ಗಿಡದಂಥ ದಪ್ಪ ಹೂವು ಬರುವ ಖಾತ್ರಿ ಇಲ್ಲ. ನಾಟಿ ತಳಿಯಾದರೆ ಆ ಚಿಂತೆ ಕಡಿಮೆ.

ಕಷ್ಟ ಇರುವುದು ಎಳೆ ಸಸಿ ಉಳಿಸಿಕೊಳ್ಳುವುದರಲ್ಲಿ. ಐದಾರು ದಿನಕ್ಕೆ ಮೊಳಕೆ ಬರುತ್ತದೆ. ಮಳೆಗಾಲದಲ್ಲಿ ನೀರು ಜಾಸ್ತಿಯಾದರೆ ಬುಡ ಕೊಳೆತು ರಾತ್ರೋರಾತ್ರಿ ಮಲಗಿಬಿಡುತ್ತದೆ. ಒಮ್ಮೆ ನನ್ನದು ಇಡೀ ಟ್ರೇ ಹೋಯಿತು, ತುಂಬಾ ಬೇಜಾರಾಯಿತು. ಸೂರಿನ ಕೆಳಗೆ ಬೆಳಕಿರುವ ಕಡೆ ಇಟ್ಟು, ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರು ಚಿಮುಕಿಸಿ.

ಅಷ್ಟು ಬಿಡುವಿಲ್ಲದವರಿಗೆ ಸಸಿ ಸುಲಭ. ಹೂ ಬಿಟ್ಟಿರುವುದನ್ನು ನೋಡಿ ಮನಸೋಲಬೇಡಿ. ಗಿಡ್ಡಗಿರುವ, ಕಾಂಡ ದಪ್ಪಗಿರುವ, ಇನ್ನೂ ಮೊಗ್ಗಿಲ್ಲದ್ದನ್ನು ಆರಿಸಿ.

ಪಕ್ಕದ ಮನೆಯ ಹೂವೇ ಇಷ್ಟವಾಗಿದೆಯಾ? ನಾಲ್ಕಿಂಚಿನ ಕುಡಿ ಕೇಳಿ ತನ್ನಿ. ಕೆಳಗಿನ ಎಲೆ, ಮೊಗ್ಗು ಚಿವುಟಿ, ಒದ್ದೆ ಮರಳಲ್ಲಿ ನೆಟ್ಟು ನೆರಳಿಗಿಡಿ. ಎರಡು ವಾರದಲ್ಲಿ ಬೇರು ಬಿಡುತ್ತದೆ, ಹೂವೂ ಅದೇ ಬಣ್ಣದ್ದು.